ಗುಡಿಗೆ ಬೆನ್ನು ಮಾಡಿ ನಿಂತ ಬಸ್ಸು

ಕಡಲ ದಾರಿಯಲ್ಲಿ ಬಸ್ಸು ಓಡಿಸಿದವರ ಕಥೆಗಳು ಡಿಪೋದ ಕ್ಯಾಂಟೀನಿನಲ್ಲಿ ಬೇಕಾದಷ್ಟಿವೆ. ಹೆಚ್ಚಿನವುಗಳಲ್ಲಿ ಬ್ರೇಕು ಕೈಕೊಡುತ್ತದೆ. ಇಲ್ಲವೇ ಕತ್ತಲಲ್ಲಿ ಕೈ ಅಡ್ಡ ಹಿಡಿದು ಹತ್ತಿದ ಹೆಂಗಸು ಇಳಿಯುವ ಮೊದಲೇ ಮಾಯವಾಗುತ್ತಾಳೆ. ಬ್ರೇಕೂ ಕೈಕೊಡದ, ಯಾರೂ ಮಾಯವಾಗದ ಕಥೆ ಒಂದೇ ಒಂದು. ಅದು ಭಾವನ ಪ್ರವಾಸದ ಕಥೆ. ಹೇಳುವವರು ಹಲವರು, ಉಪ್ಪು ಖಾರ ಬೆರೆಸುವ ರೀತಿಯೂ ಹಲವು. ಮುಖ್ಯ ಸಂಗತಿಯಲ್ಲಿ ಮಾತ್ರ ಯಾರದ್ದೂ ತಕರಾರಿಲ್ಲ.

ಭಾವ ಎಂದರೆ ಆ ದಾರಿಯ ಡ್ರೈವರು. ಅವನ ಹೆಂಡತಿಯ ತಮ್ಮ ಅದೇ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ. ಬಸ್ಸಿನ ಕೆಳಗೆ ಅಂಗಾತ ಮಲಗಿಕೊಂಡೇ "ಭಾವಾ, ಸ್ಪ್ಯಾನರ್ ಕೊಡಿ" ಎಂದು ಅವನು ಕೂಗುತ್ತಿದ್ದುದು ಮೊದಲು ಮೆಕ್ಯಾನಿಕ್ಕುಗಳ ಬಾಯಿಗೆ, ಆಮೇಲೆ ಕಂಡಕ್ಟರುಗಳ ಬಾಯಿಗೆ, ಕೊನೆಗೆ ಡಿಪೋ ಮ್ಯಾನೇಜರ ಬಾಯಿಗೂ ಹತ್ತಿಕೊಂಡಿತು. ಮ್ಯಾನೇಜರು ಮೆಮೊ ಕೊಡುವಾಗಲೂ "ಬೇಜಾರು ಮಾಡ್ಕೋಬೇಡಿ ಭಾವ" ಎಂದು ಹೇಳಿಯೇ ಕೊಡುತ್ತಿದ್ದರಂತೆ.

ಅವನ ದಾರಿ ನೋಡುವವರ ಕಣ್ಣು ಕುಕ್ಕುವಂಥದ್ದು. ಊರು ಬಿಟ್ಟು ಗುಡ್ಡ ಹತ್ತಿದರೆ ದೇವಿಯ ಗುಡಿ. ಗುಡ್ಡ ಇಳಿದರೆ ಶಿವನ ಗುಡಿ. ಅಲ್ಲಿಂದ ಮುಂದೆ ಬಂದರಿನ ಊರು, ಲೈಟ್‌ಹೌಸಿನ ಊರು, ಕಟ್ಟಕಡೆಗೆ ಮರಳ ದಂಡೆಯ ಮೇಲೆ ಅಲೆಗಳ ಸದ್ದು ಕೇಳುತ್ತ ಕುಳಿತ ಗಣಪತಿಯ ಗುಡಿ. ಜನ ದೇವರನ್ನೂ ಕಡಲನ್ನೂ ಒಂದೇ ಟಿಕೆಟ್ಟಿನಲ್ಲಿ ನೋಡಿ ಬರುವ ದಾರಿ ಅದು. ಎಲ್ಲರೂ ನೋಡಿ ಬಂದರು. ನೋಡದೆ ಬಂದವನು ಭಾವ ಒಬ್ಬನೇ.

ಇದಕ್ಕೆ ಕಾರಣ ಅವನ ಭಕ್ತಿಯ ಕೊರತೆಯಲ್ಲ, ಕೈಬ್ರೇಕಿನ ಕೊರತೆ. ಗುಡಿಗಳ ಮುಂದಿನ ನೆಲವೆಲ್ಲ ಇಳಿಜಾರು. ಆ ದಾರಿಗೆ ಡಿಪೋದವರು ಕೊಡುತ್ತಿದ್ದುದು ಹಳೆಯ ಬಸ್ಸು. ಅದರ ಕೈಬ್ರೇಕನ್ನು ನಂಬಿ ಇಳಿದುಹೋದ ಒಬ್ಬ ಡ್ರೈವರು ಹಿಂತಿರುಗುವಷ್ಟರಲ್ಲಿ ಬಸ್ಸು ತಾನೇ ಹೊರಟು ಹೂವಿನ ಅಂಗಡಿಯ ಕಂಬಕ್ಕೆ ಒರಗಿ ನಿಂತಿತ್ತು. ಅಂದಿನಿಂದ ಆ ದಾರಿಯಲ್ಲಿ ಡ್ರೈವರಾದವನು ಕೆಳಗಿಳಿಯಕೂಡದು, ಕಾಲು ಬ್ರೇಕಿನ ಮೇಲೇ ಇರಬೇಕು ಎಂಬ ಕಟ್ಟಪ್ಪಣೆ. ಹಿಂತಿರುಗಲು ಸುಲಭವಾಗಲೆಂದು ಬಸ್ಸನ್ನು ಬಂದ ತಕ್ಷಣವೇ ತಿರುಗಿಸಿ ನಿಲ್ಲಿಸಬೇಕು. ಮೂತಿ ರಸ್ತೆಗೆ, ಬೆನ್ನು ದೇವರಿಗೆ. ಹೀಗೆ ಭಾವ ತನ್ನ ನೌಕರಿಯ ಉದ್ದಕ್ಕೂ ದಿನ ಬಿಟ್ಟು ದಿನ ಮೂರು ದೇವರುಗಳಿಗೆ ನಿಯಮ ತಪ್ಪದೆ ಬೆನ್ನು ತೋರಿಸಿ ಬಂದ.

ಮನೆಯಲ್ಲಿ ಹೇಳಿದ್ದು ಮಾತ್ರ ಬೇರೆ.

ಮದುವೆಯಾದ ಹೊಸತರಲ್ಲಿ ಹೆಂಡತಿ ಬಾಗಿಲಲ್ಲಿ ನಿಂತು "ಇವತ್ತು ಏನೇನು ನೋಡಿದ್ರಿ?" ಎಂದು ಕೇಳಿದಳು. ಬಸ್ಸಿನ ಗಾಜು ನೋಡಿದೆ, ಸ್ಟಿಯರಿಂಗ್ ನೋಡಿದೆ ಎಂದು ಹೊಸ ಹೆಂಡತಿಗೆ ಯಾವ ಗಂಡಸು ತಾನೇ ಹೇಳಿಯಾನು? ಅವನು ದೇವಿಯ ಗುಡಿಯನ್ನು ವರ್ಣಿಸಿದ. ಬಾಗಿಲ ಮುಂದೆ ನಿಂತರೆ ಎಡಕ್ಕೆ ಕೊಳ, ಬಲಕ್ಕೆ ದೀಪದ ಕಂಬ, ಮೆಟ್ಟಿಲ ಮೇಲೆ ಪಾರಿವಾಳ. ಅವಳು ಕಣ್ಣರಳಿಸಿ ಕೇಳಿದಳು. ಅಷ್ಟೇ ಸಾಕಾಯಿತು. ಮುಂದಿನ ಟ್ರಿಪ್ಪಿಗೆ ಒಳಗಿನ ಕಲ್ಲಿನ ಕಂಬಗಳು ಬಂದವು. ಅದರ ಮುಂದಿನ ಟ್ರಿಪ್ಪಿಗೆ ಗರ್ಭಗುಡಿಯ ತಣ್ಣನೆಯ ನೆಲ ಬಂತು. ಹೊರಗಿನದಕ್ಕೆ ಅವನ ಕಣ್ಣೇ ಸಾಕ್ಷಿ. ಒಳಗಿನದಕ್ಕೆ, ದರ್ಶನ ಮುಗಿಸಿ ಬಸ್ಸು ಹತ್ತಿದವರ ಮಾತೇ ಆಧಾರ. ಅವರು ಹಿಂದೆ ಕುಳಿತು ಆಡಿಕೊಂಡದ್ದನ್ನು ಭಾವ ಕಿವಿಯಲ್ಲೇ ಸೋಸಿ, ಮನೆಗೆ ತಂದು ಬಡಿಸುತ್ತಿದ್ದ. ಒಮ್ಮೆ ಒಬ್ಬ ಹೆಂಗಸು ದೇವಿ ನಗುತ್ತಿದ್ದಾಳೆ ಎಂದಳು, ಅವಳ ಪಕ್ಕದವಳು ಇಲ್ಲ, ಮುನಿದಿದ್ದಾಳೆ ಎಂದಳು. ಊರು ಮುಟ್ಟುವವರೆಗೂ ಇಬ್ಬರದೂ ಅದೇ ಜಗಳ. ಭಾವ ಅಂದು ಮನೆಗೆ ಬಂದು, ಎಡಗಡೆ ನಿಂತು ನೋಡಿದರೆ ದೇವಿ ನಗುತ್ತಾಳೆ, ಬಲಗಡೆ ನಿಂತು ನೋಡಿದರೆ ಮುನಿಯುತ್ತಾಳೆ ಎಂದು ತೀರ್ಪು ಕೊಟ್ಟ. ಹೆಂಡತಿಯ ಮೈ ಜುಮ್ಮೆಂದಿತು. ಭಾವನದೂ ಜುಮ್ಮೆಂದಿತು, ಕಾರಣ ಬೇರೆ.

ಹೆಂಡತಿ ದೊಡ್ಡ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸಕ್ಕಿದ್ದಳು. ಹಾಸಿಗೆಗಳ ಚಾದರ, ದಿಂಬಿನ ಚೀಲ, ಆಪರೇಷನ್ನಿನ ಹಸಿರು ನಿಲುವಂಗಿ ಎಲ್ಲವೂ ಅವಳ ಕೈ ದಾಟಿಯೇ ಹೋಗಬೇಕು. ಒಂದು ಕಲೆಯನ್ನು ಕಂಡರೆ ಅದು ಚಹಾದ್ದೋ ಅಯೋಡಿನ್ನಿನದ್ದೋ ಎಂದು ದೂರದಿಂದಲೇ ಹೇಳುವ ಕಣ್ಣು ಅವಳದು. ನರ್ಸುಗಳು ಅವಳ ಮುಂದೆ ಸುಳ್ಳು ಹೇಳುವುದನ್ನೇ ಬಿಟ್ಟಿದ್ದರು. ಅವನಿಗೆ ರಜೆಯಿದ್ದ ದಿನ ಅವಳಿಗಿಲ್ಲ, ಅವಳಿಗಿದ್ದ ದಿನ ಅವನಿಗಿಲ್ಲ. ಹೀಗಾಗಿ ಜೊತೆಯಾಗಿ ಹೋಗುವ ಮಾತು ಬಂದಾಗಲೆಲ್ಲ ಭಾವ ನಿಟ್ಟುಸಿರು ಬಿಡುತ್ತ "ನಮ್ಮ ಹಣೇಲಿ ಬರೀಲಿಲ್ಲ" ಎನ್ನುತ್ತಿದ್ದ. ಆ ನಿಟ್ಟುಸಿರಿನಲ್ಲಿ ಅರ್ಧಕ್ಕಿಂತ ಹೆಚ್ಚು ನೆಮ್ಮದಿಯೇ ಇತ್ತೆಂದು ಅವನಿಗೆ ಮಾತ್ರ ಗೊತ್ತು. ಅವಳಿಗೋ, ಆ ಗುಡಿಗಳು ಗಂಡನ ಬಾಯಿಂದಲೇ ಗೊತ್ತು. ಕೆಲಸದ ಜಾಗದಲ್ಲಿ ಯಾರಾದರೂ ತೀರ್ಥಯಾತ್ರೆಯ ಮಾತೆತ್ತಿದರೆ ಅವಳು ಚಾದರ ಮಡಚುತ್ತಲೇ "ನಮ್ಮನೆಯವರು ಕಣ್ಣಿಗೆ ಕಟ್ಟೋ ಹಾಗೆ ಹೇಳ್ತಾರೆ" ಎಂದು ಶುರು ಮಾಡುವಳು. ಗಂಡ ಮಾತಿನ ಮಲ್ಲ ಎಂಬುದು ಅವಳ ಹೆಮ್ಮೆ. ಆ ಹೆಮ್ಮೆಯ ಮೇಲೆ ಭಾವನ ಸಂಸಾರದ ಮಾನ ನಿಂತಿತ್ತು.

ಅವನು ನಿವೃತ್ತನಾದ ವರ್ಷವೇ ಆಸ್ಪತ್ರೆಯವರು ಅವಳಿಗೆ ಮೂರು ದಿನದ ರಜೆ ಮಂಜೂರು ಮಾಡಿದರು. ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು:

"ಹಣೇಲಿ ಬರೆದಾಯ್ತು ರೀ. ಮೂರು ದಿನ. ಬೆಳಿಗ್ಗೆ ಗುಡಿ, ಸಂಜೆ ಕಡಲು. ನೀವು ಹೇಳಿದ್ದನ್ನೆಲ್ಲ ಒಂದೊಂದಾಗಿ ನೋಡಬೇಕು."

ಭಾವನ ಬಾಯಿ ಅಭ್ಯಾಸಬಲದಿಂದ ನಕ್ಕಿತು.

ಮೊದಲು ಅವನು ಹೂಡಿದ್ದು ಕಡಲಿನ ತಂತ್ರ. ಗುಡಿಗಳು ಎಲ್ಲಿಗೆ ಹೋಗುತ್ತವೆ, ಅಲ್ಲೇ ಇರುತ್ತವೆ. ಕಡಲು ಹಾಗಲ್ಲ, ಗಳಿಗೆಗೊಂದು ಬಣ್ಣ, ಅದನ್ನು ನೋಡುವುದಕ್ಕೆ ಮೂರು ದಿನವೂ ಸಾಲದು. ಬಂದರಿನ ಊರಲ್ಲಿ ಒಂದು ದಿನ, ಲೈಟ್‌ಹೌಸಿನ ಊರಲ್ಲಿ ಒಂದು ದಿನ ಇದ್ದುಬಿಡೋಣ ಎಂದು ಅವನು ಕೈಯನ್ನು ಅಲೆಯಂತೆ ಆಡಿಸಿ ವಿವರಿಸಿದ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ ಇದನ್ನೆಲ್ಲ ಕೇಳುತ್ತಿದ್ದಳು. ಉಪ್ಪುಗಾಳಿಗೆ ಬಸ್ಸು ತುಕ್ಕು ಹಿಡಿಯುತ್ತದೆಂದು ಇಷ್ಟು ವರ್ಷ ಕಡಲನ್ನು ಬಯ್ದುಕೊಂಡು ಓಡಾಡಿದವರಿಗೆ ನಿವೃತ್ತರಾದ ಮೇಲೆ ಅದರ ಮೇಲೆ ಇಷ್ಟು ಪ್ರೀತಿ ಎಲ್ಲಿಂದ ಬಂತೆಂದು ಅವಳು ಕೇಳಿದಳು.

"ಅಪ್ಪ, ನಿಮಗೆ ದೂರದ್ದು ಕಾಣಿಸ್ತಿಲ್ವೋ, ಹತ್ತಿರದ್ದು ಕಾಣಿಸ್ತಿಲ್ವೋ? ನಾಳೆ ಅಂಗಡಿಗೆ ಬನ್ನಿ, ನೋಡಿಬಿಡೋಣ."

ಕಡಲಿನ ತಂತ್ರ ಅಲ್ಲಿಗೆ ಮುಳುಗಿತು. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಪ್ರವಾಸದ ಹೊಣೆ ಪೂರ್ತಿ ತನ್ನದೇ, ದಾರಿಯ ಒಂದೊಂದು ತಿರುವೂ ತನಗೆ ಅಂಗೈಯ ಗೆರೆ ಎಂದು ಭಾವ ಘೋಷಿಸಿದ. ಎರಡು ದಿನ ಕುಳಿತು ಯೋಜನೆ ಹಾಕಿದ. ಹಾಕಿದ್ದನ್ನು ಹೆಂಡತಿಗೆ ಬಾಯಲ್ಲೇ ಒಪ್ಪಿಸಿದ: ಬೆಳಿಗ್ಗೆ ಅವಸರ ಬೇಡ, ಚಹಾ ಕುಡಿದು ನಿಧಾನವಾಗಿ ಹೊರಡುವುದು, ದಾರಿಯಲ್ಲಿ ಒಂದು ಕಡೆ ಕಾಲು ಚಾಚುವುದು, ದೇವಿಯ ಗುಡಿ ತಲುಪುವುದು. ಮರುದಿನವೂ ಹಾಗೆಯೇ ಶಿವನ ಗುಡಿ. ಮೂರನೆಯ ದಿನ ಗಣಪತಿ.

ಅವಳು ದಿಂಬಿನ ಚೀಲವೊಂದಕ್ಕೆ ಗುಂಡಿ ಹಾಕುತ್ತಿದ್ದಳು. ದಾರದ ತುದಿಯನ್ನು ಹಲ್ಲಲ್ಲಿ ಕಡಿದು, ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು.

"ಅಂದ್ರೆ ದೇವಿ ಗುಡೀಗೆ ನಡುಮಧ್ಯಾಹ್ನ."

"ಹೆಚ್ಚು ಕಮ್ಮಿ."

"ಶಿವನ ಗುಡೀಗೂ ನಡುಮಧ್ಯಾಹ್ನ. ಗಣಪತಿಗೂ."

"ಬಸ್ಸಿನ ದಾರಿ ಅಲ್ವೇ, ಹಾಗೇ ಬರುತ್ತೆ."

"ಬಾಗಿಲು ಹಾಕೋ ಹೊತ್ತು ಯಾವುದು ಅಂತ ನೀವೇ ನಂಗೆ ಹೇಳಿದ್ದು. ಮೂರು ದೇವರೂ ಊಟ ಮುಗಿಸಿ ಮಲಗಿದ ಮೇಲೆ ಸರಿಯಾಗಿ ಹೋಗಿ ಕದ ನೋಡ್ಕೊಂಡು ಬರೋದಾ ನಾವು?"

ಭಾವ ನಾಲಿಗೆ ಕಚ್ಚಿಕೊಂಡ. ವಯಸ್ಸಾಯಿತು, ಮರೆತೆ ಎಂದ. ಮಗಳು ಒಳಗಿನಿಂದ, ಮರೆಯುವುದಾದರೆ ಮೂರರಲ್ಲಿ ಒಂದನ್ನಾದರೂ ತಪ್ಪಿ ಸರಿ ಮಾಡಬೇಕಿತ್ತು, ಇಷ್ಟು ಅಚ್ಚುಕಟ್ಟಾಗಿ ಮರೆಯುವುದು ಸುಲಭವಲ್ಲ ಎಂದಳು. ಆಮೇಲೆ ಅವಳೇ ಫೋನು ಹಿಡಿದು ಅಮ್ಮನ ಪಕ್ಕಕ್ಕೆ ಬಂದು ಕುಳಿತು, ದೇವಿಯ ಗುಡಿಯ ಚಿತ್ರ ತೆಗೆದು ತೋರಿಸಿದಳು.

ಅಮ್ಮ ಚಿತ್ರವನ್ನು ನೋಡಿದಳು. ಚಾದರದ ಕಲೆ ನೋಡುವ ಅದೇ ನೋಟ. ಗುಡಿ ಅದೇ, ಪಾರಿವಾಳಗಳೂ ಅವೇ. ಆದರೆ ಕೊಳ ಬಲಕ್ಕಿತ್ತು, ದೀಪದ ಕಂಬ ಎಡಕ್ಕಿತ್ತು.

ಇದೇನು, ನೀವು ಎಡಕ್ಕೆ ಕೊಳ ಅಂದಿದ್ದಿರಲ್ಲ ಎಂದು ಅವಳು ತಲೆಯೆತ್ತಿದಳು. ಭಾವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಒಳಗಿನ ವಿಷಯದಲ್ಲಿ ಅವನಿಗೆ ಅಳುಕಿತ್ತೇ ಹೊರತು ಹೊರಗಿನ ವಿಷಯದಲ್ಲಿ ಎಳ್ಳಷ್ಟೂ ಇರಲಿಲ್ಲ. ಆ ಕೊಳವನ್ನು ಅವನು ತನ್ನ ಕಣ್ಣಾರೆ, ದಿನ ಬಿಟ್ಟು ದಿನ, ಎಡಕ್ಕೇ ನೋಡಿದ್ದಾನೆ. ಹಾಗಾಗಿ ಈ ಸಲ ಅವನ ದನಿಯಲ್ಲಿ ಅಪ್ಪಟ ಸತ್ಯವಂತನ ಸಿಟ್ಟಿತ್ತು. ಫೋನುಗಳು ಮುಖವನ್ನೇ ತಿರುಗಾಮುರುಗಾ ಮಾಡಿ ತೋರಿಸುತ್ತವೆ, ಕೊಳವನ್ನು ಬಿಡುತ್ತವೆಯೇ ಎಂದ. ಮಗಳು ತನ್ನದೇ ಒಂದು ಫೋಟೋ ತೆಗೆದು ನೋಡಿದಳು; ಮೂಗುಬೊಟ್ಟು ಆಚೆ ಕಡೆಗೆ ಹೋಗಿತ್ತು. ಅಪ್ಪ ಹೇಳಿದ್ದರಲ್ಲೂ ಅರ್ಥವಿದೆ ಎಂದು ಒಪ್ಪಿಕೊಂಡಳು. ಅಮ್ಮ ದಿಂಬಿನ ಚೀಲವನ್ನು ಮತ್ತೆ ಕೈಗೆತ್ತಿಕೊಂಡಳು. ಗುಂಡಿಯ ಮೇಲೆ ದಾರವನ್ನು ಇನ್ನೊಂದು ಸುತ್ತು ಸುತ್ತಿದಳು.

ಆ ವಾರವೇ, ಬೇಡಬೇಡವೆಂದರೂ, ಸೀಟಿ ಬಂದ.

ಸೀಟಿ ಎಂದರೆ ಭಾವನ ಬಸ್ಸಿನ ಕಂಡಕ್ಟರು. ಕೊರಳಲ್ಲಿ ತೂಗುವ ಸೀಟಿಯಿಂದ ಆ ಹೆಸರು ಬಂತೋ, ಮುಚ್ಚಿಕೊಳ್ಳದ ಬಾಯಿಯಿಂದ ಬಂತೋ ಎಂಬ ಬಗ್ಗೆ ಡಿಪೋದಲ್ಲಿ ಎರಡು ಪಕ್ಷಗಳಿವೆ. ಡ್ರೈವರು ಇಳಿಯಕೂಡದೆಂಬ ಅಪ್ಪಣೆ ಕಂಡಕ್ಟರಿಗೆ ಅನ್ವಯಿಸುತ್ತಿರಲಿಲ್ಲವಾದ್ದರಿಂದ ಅವನು ಎಲ್ಲ ಗುಡಿಗಳಿಗೂ ಹೋಗಿ, ಹಣೆಯ ತುಂಬ ಗಂಧ ಬಳಿದುಕೊಂಡು ಬರುತ್ತಿದ್ದ. ಭಾವನ ಗುಟ್ಟನ್ನು ಬಲ್ಲ ಜೀವ ಈ ಲೋಕದಲ್ಲಿ ಅವನೊಬ್ಬನೇ. ಆದರೆ ಅದು ಗುಟ್ಟು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಅಪಾಯವಿದ್ದದ್ದು ಅಲ್ಲಿಯೇ.

ಭಾವ ಅವನನ್ನು ಜಗುಲಿಯಲ್ಲೇ ಮಾತಾಡಿಸಿ ಕಳಿಸುವ ಯತ್ನ ಮಾಡಿದ. ಹೆಂಡತಿ ಚಹಾ ಹಿಡಿದು ಹೊರಗೇ ಬಂದಳು. ಪ್ರವಾಸದ ಸುದ್ದಿ ಕೇಳಿ ಸೀಟಿ ಕುರ್ಚಿಯ ಅಂಚಿಗೆ ಸರಿದ. ದೇವಿಯ ಗುಡಿಯಲ್ಲಿ ಸಾಲು ಎಲ್ಲಿ ಕಡಿಮೆ, ಬಂದರಿನ ಊರಲ್ಲಿ ಯಾವ ಕಟ್ಟೆಯ ಮೇಲೆ ಕುಳಿತರೆ ದೋಣಿಗಳು ಮರಳುವುದು ಚೆನ್ನಾಗಿ ಕಾಣುತ್ತದೆ, ಲೈಟ್‌ಹೌಸಿನ ಮೆಟ್ಟಿಲು ಎಷ್ಟು ಕಡಿದಾಗಿದೆ ಎಂದು ಒಂದೇ ಉಸಿರಿಗೆ ಹೇಳತೊಡಗಿದ. ಭಾವ ಮೇಜಿನ ಕೆಳಗೆ ಅವನ ಕಾಲು ತುಳಿದ. ಸೀಟಿ ಕಾಲನ್ನು ಹಿಂದೆ ಎಳೆದುಕೊಂಡು, ಸ್ಥಳ ಸಾಲದಾಯಿತೇನೋ ಎಂದು ವಿನಯದಿಂದ ಕುರ್ಚಿಯನ್ನೂ ಸರಿಸಿಕೊಂಡ.

"ಶಿವನ ಗುಡಿ ಬಾಗಿಲಲ್ಲಿ ಕಲ್ಲಿನ ಆನೆ ಇದೆಯಲ್ಲ," ಎಂದಳು ಅವಳು, ಸಕ್ಕರೆಯ ಡಬ್ಬಿಯನ್ನು ಅವನ ಕಡೆಗೆ ಸರಿಸುತ್ತ, "ಅದು ಯಾವ ಪಕ್ಕಕ್ಕಿದೆ?"

"ಬಲಗಡೆಗೆ ಅಕ್ಕ. ಒಳಗೆ ಹೋಗೋವಾಗ ಬಲಗಡೆ. ನಾನು ದಿನಾ ಅದರ ಸೊಂಡಿಲು ಮುಟ್ಟೇ ಒಳಗೆ ಹೋಗ್ತಿದ್ದದ್ದು."

"ಇವರು ಎಡಗಡೆ ಅಂತಾರೆ."

ಸೀಟಿ ಭಾವನ ಮುಖ ನೋಡಿದ. ಭಾವನ ಮುಖ ಹುಳ್ಳಗಾಗಿತ್ತು. ಜೊತೆಯಲ್ಲಿ ಅಷ್ಟು ವರ್ಷ ದುಡಿದವನಿಗೆ, ಕಾರಣ ತಿಳಿಯದಿದ್ದರೂ, ಎಲ್ಲಿ ಬ್ರೇಕು ಹಾಕಬೇಕೆಂಬುದು ತಿಳಿಯಿತು. ಹಾಗಾದರೆ ಎಡಗಡೆಯೇ ಇರಬೇಕು, ಭಾವ ಹೇಳಿದ ಮೇಲೆ ಮುಗಿಯಿತು, ತಾನು ಮುಟ್ಟಿದ್ದು ಬೇರೆ ಯಾವುದೋ ಆನೆ ಇರಬೇಕು ಎಂದು ಅವನು ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ ಎದ್ದ. ಗೇಟಿನ ಬಳಿ ಭಾವನ ಕಿವಿಯಲ್ಲಿ, ಆನೆಯನ್ನು ಯಾಕೆ ಜಾಗ ಬದಲಾಯಿಸಿದಿರಿ ಎಂದು ಕೇಳಿದನಂತೆ. ಭಾವ ಗೇಟಿನ ಚಿಲಕ ಹಾಕಿದ. ಕೊಳ ಹೋಯಿತು, ಕಂಬ ಹೋಯಿತು, ಈಗ ಆನೆ. ಗುಡಿಗಳೆಲ್ಲ ಸೇರಿಕೊಂಡು ತನ್ನ ಮೇಲೆ ಹಗೆ ಸಾಧಿಸುತ್ತಿವೆ ಎಂದು ಅವನಿಗೆ ಅನ್ನಿಸಿತು. ಬೆನ್ನು ತೋರಿಸಿದ್ದಕ್ಕೆ ದೇವರುಗಳು ಹೀಗೆ ಮುಯ್ಯಿ ತೀರಿಸುತ್ತಿರಬಹುದೆಂದೂ ಅನ್ನಿಸದಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಅವಳ ನೋಟ ಬದಲಾಯಿತು. ಮುನಿಸಿನ ನೋಟವಾಗಿದ್ದರೆ ಭಾವ ಗುರುತು ಹಿಡಿಯುತ್ತಿದ್ದ. ಇದು ಯಾವುದೋ ಕಲೆಯನ್ನು ಬೆಳಕಿಗೆ ಹಿಡಿದು, ಇದು ಯಾತರದ್ದಪ್ಪಾ ಎಂದು ಕೇಳುವ ನೋಟ. ಅವನು ಸುಮ್ಮಸುಮ್ಮನೆ ಮೊಣಕಾಲು ನೋವೆಂದ. ಅವಳು ಎಣ್ಣೆ ತಂದಿಟ್ಟಳು. ದಾರಿಯಲ್ಲಿ ಸೇತುವೆಯ ರಿಪೇರಿಯಂತೆ ಎಂದ. ಮಗಳು ಫೋನು ನೋಡಿ ಸೇತುವೆ ಗಟ್ಟಿಮುಟ್ಟಾಗಿದೆ ಎಂದಳು. ಪ್ರವಾಸ ಮಾತ್ರ ದಿನದಿನಕ್ಕೂ ಹತ್ತಿರಕ್ಕೆ ಬರುತ್ತಿತ್ತು.

ಭಾನುವಾರದ ಮಧ್ಯಾಹ್ನ ಇಬ್ಬರೂ ಊಟಕ್ಕೆ ಕುಳಿತಿದ್ದರು. ಮಗಳು ಅಂಗಡಿಗೆ ಹೋಗಿದ್ದಳು. ಹೆಂಡತಿ ಆಸ್ಪತ್ರೆಯ ಸುದ್ದಿ ಹೇಳುತ್ತಿದ್ದಳು. ಹೊಸದೊಂದು ಆಂಬುಲೆನ್ಸ್ ಬಂದಿದೆ, ಅದರ ಮೂತಿಯ ಮೇಲೆ ಅಕ್ಷರಗಳನ್ನು ಉಲ್ಟಾ ಬರೆದುಬಿಟ್ಟಿದ್ದಾರೆ, ಪೇಂಟರಿನ ಕೈತಪ್ಪೋ ಏನೋ, ಯಾರೂ ಗಮನಿಸಿದಂತೆಯೇ ಇಲ್ಲ ಎಂದಳು.

ಭಾವನಿಗೆ ಜೀವ ಬಂದಂತಾಯಿತು. ವಾರವಿಡೀ ಗುಡಿಗಳ ಕೈಯಲ್ಲಿ ಸೋತಿದ್ದವನಿಗೆ ಕೊನೆಗೂ ತನಗೆ ಗೊತ್ತಿದ್ದ ವಿಷಯವೊಂದು ಸಿಕ್ಕಿತ್ತು. ತುತ್ತನ್ನು ತಟ್ಟೆಯಲ್ಲೇ ಬಿಟ್ಟು ನೆಟ್ಟಗೆ ಕುಳಿತ.

"ಕೈತಪ್ಪಲ್ಲ ಕಣೇ, ಬೇಕೂಂತಲೇ ಬರೆಯೋದು. ಆಂಬುಲೆನ್ಸ್ ಹಿಂದಿನಿಂದ ಬರುತ್ತೆ ಅನ್ಕೋ. ಮುಂದಿನ ಗಾಡಿ ಡ್ರೈವರು ತಿರುಗಿ ನೋಡ್ತಾನಾ? ಇಲ್ಲ. ಕನ್ನಡೀಲಿ ನೋಡ್ತಾನೆ. ಕನ್ನಡೀಲಿ ಎಡ ಬಲ ಅದಲುಬದಲಾಗುತ್ತೆ. ಅದಕ್ಕೇ ಮೊದಲೇ ಉಲ್ಟಾ ಬರೆದಿಟ್ರೆ ಅವನಿಗೆ ಸರಿಯಾಗಿ ಕಾಣುತ್ತೆ. ಡ್ರೈವರ್ ಅಂದ್ಮೇಲೆ ಬೆನ್ನ ಹಿಂದಿನದನ್ನೆಲ್ಲ ಕನ್ನಡೀಲೇ..."

ಅವನ ಮಾತು ಅಲ್ಲಿಗೆ ನಿಂತಿತು. ಕೊಳವೂ, ದೀಪದ ಕಂಬವೂ, ಕಲ್ಲಾನೆಯೂ ಒಂದರ ಹಿಂದೆ ಒಂದರಂತೆ ಬಂದು ಅವನ ತಟ್ಟೆಯ ಮುಂದೆ ಸಾಲಾಗಿ ನಿಂತಂತಾಯಿತು. ಅಷ್ಟು ವರ್ಷ ತಾನು ಕಣ್ಣಾರೆ ಕಂಡದ್ದು ಏನನ್ನೆಂಬುದು ಅವನಿಗೆ ತಿಳಿದದ್ದೇ ಆ ಕ್ಷಣದಲ್ಲಿ.

ಹೆಂಡತಿ ಸಾರಿನ ಪಾತ್ರೆಯಲ್ಲಿ ಸೌಟು ಆಡಿಸುತ್ತಿದ್ದಳು. ಆಂಬುಲೆನ್ಸ್ ಹೊಸದೂ ಅಲ್ಲ, ಅಕ್ಷರದ ಕಾರಣ ಅವಳಿಗೆ ಗೊತ್ತಿಲ್ಲದ್ದೂ ಅಲ್ಲ ಎಂಬುದು ಅವಳ ಮುಖದಲ್ಲೇ ಬರೆದಿತ್ತು. ಅದನ್ನು ಓದಲು ಕನ್ನಡಿ ಬೇಕಿರಲಿಲ್ಲ.

"ನಿಲ್ಲಿಸಿದ್ರಲ್ಲ, ಹೇಳಿ," ಎಂದಳು. "ಚೆನ್ನಾಗಿ ಹೇಳ್ತಿದ್ರಿ."

ಭಾವ ತಲೆ ತಗ್ಗಿಸಿದ. "ಇಳಿಯೋ ಹಾಗಿರಲಿಲ್ಲ," ಎಂದ.

"ಒಂದು ದಿನವೂ?"

"ಕಾಲು ಬ್ರೇಕಿನ ಮೇಲಿರಬೇಕಿತ್ತು."

ಅವಳು ಬಯ್ದಿದ್ದರೆ ಅವನು ಹಗುರಾಗುತ್ತಿದ್ದ. ಅವಳು ಬಯ್ಯುವ ಬದಲು ಅವನ ತಟ್ಟೆಗೆ ಸಾರು ಬಡಿಸಿದಳು. ಅದು ಬಯ್ಗುಳಕ್ಕಿಂತ ಬಿಸಿಯಾಗಿತ್ತು. ತನ್ನ ಮಾತಿನ ಮೇಲೆ ಅವಳಿಗಿದ್ದ ಹೆಮ್ಮೆ ಈಗ ಎಲ್ಲಿಗೆ ಹೋಯಿತು, ಬಟ್ಟೆ ಕೋಣೆಯಲ್ಲಿ ಇನ್ನು ಮುಂದೆ ಅವಳು ಏನು ಹೇಳುತ್ತಾಳೆ, ಹೇಳುತ್ತಾಳೋ ಇಲ್ಲವೋ ಎಂದು ಅವನು ಒಂದೊಂದು ಅಗುಳಿಗೂ ಒಂದೊಂದು ಪ್ರಶ್ನೆ ಹಾಕಿಕೊಂಡು ತಿನ್ನುತ್ತಿದ್ದಾಗ, ಅವಳು ಮತ್ತೆ ಬಾಯಿ ತೆರೆದಳು.

"ಆ ದೇವಿ ಎಡಗಡೆಯಿಂದ ನಗೋದು, ಬಲಗಡೆಯಿಂದ ಮುನಿಯೋದು. ಅದೂ ಕನ್ನಡೀಲಿ ಕಾಣ್ತಿತ್ತಾ?"

"ಅದು... ಇಬ್ಬರು ಹೆಂಗಸರು ಬಸ್ಸಲ್ಲಿ ಜಗಳ ಆಡ್ಕೊಂಡು ಬಂದ್ರು. ಒಬ್ಬಳು ನಗ್ತಾಳೆ ಅಂದ್ಲು, ಇನ್ನೊಬ್ಬಳು ಮುನಿದಿದ್ದಾಳೆ ಅಂದ್ಲು. ಯಾರನ್ನೂ ಸುಳ್ಳಿ ಮಾಡೋಕೆ ಮನಸ್ಸು ಬರಲಿಲ್ಲ."

ಮೊದಲು ಅವಳ ಭುಜ ಅಲುಗಿತು. ಆಮೇಲೆ ಸೌಟು ಅಲುಗಿತು. ಕೊನೆಗೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಇಡೀ ವಾರ್ಡಿನ ಹೆಂಗಸರು ಮೈ ನೆಟ್ಟಗಾದ ಮೇಲೆ ದೇವಿಯ ಎಡಗಡೆಗೇ ನಿಲ್ಲುತ್ತೇವೆಂದು ಹರಸಿಕೊಂಡಿದ್ದಾರೆ, ಅವರಲ್ಲಿ ಇಬ್ಬರು ಈಗಾಗಲೇ ಹೋಗಿ ಬಂದು ದೇವಿ ನಕ್ಕಳೆಂದೂ ಹೇಳಿದ್ದಾರೆ ಎಂದು ನಗುವಿನ ನಡುವೆಯೇ ತಿಳಿಸಿದಳು. ಭಾವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಗು ಮುಗಿದ ಮೇಲೆ ಅವಳು ಕಣ್ಣೊರೆಸಿಕೊಂಡು, ತಟ್ಟೆಗಳನ್ನೆತ್ತಿಕೊಂಡು ಒಳಗೆ ಹೋದಳು. ಆಗ ಅವನಿಗೆ ಇನ್ನೂ ಹೆಚ್ಚು ಭಯವಾಯಿತು.

ಆ ಸಂಜೆ ಯೋಜನೆ ಅವನ ಕೈಯಿಂದ ಅವಳ ಕೈಗೆ ಹೋಯಿತು. ಮೂರು ಗುಡಿಯ ಜಾಗದಲ್ಲಿ ಎರಡೇ ಸಾಕೆಂದಳು. ಎರಡಕ್ಕೂ ಬಾಗಿಲು ತೆರೆಯುವ ಹೊತ್ತಿಗೇ ಹೋಗುವುದು. ಬಂದರಿನ ಊರಿನಲ್ಲಿ ಸೀಟಿ ಹೇಳಿದ ಕಟ್ಟೆಯ ಮೇಲೆ ಒಂದು ಸಂಜೆ ಪೂರ್ತಿ, ಮಾಡಲು ಕೆಲಸವೇ ಇಲ್ಲದೆ ಕುಳಿತುಕೊಳ್ಳುವುದು. ಲೈಟ್‌ಹೌಸು ಹತ್ತುವುದು, ಮೊಣಕಾಲು ನಿಜವಾಗಿಯೂ ನೋಯುತ್ತಿಲ್ಲವಾದರೆ. ಗಣಪತಿಯನ್ನು ಇನ್ನೊಂದು ರಜೆಗೆ ಇಟ್ಟುಕೊಳ್ಳುವುದು. ಭಾವ ಎಲ್ಲದಕ್ಕೂ ಹೂಂಗುಟ್ಟಿದ. ಕೊನೆಯಲ್ಲಿ ಅವಳು ಒಂದು ಷರತ್ತು ಹಾಕಿದಳು.

"ಗುಡಿಯೊಳಗೆ ಮೊದಲು ನೀವೊಬ್ಬರೇ ಹೋಗಬೇಕು. ನೋಡ್ಕೊಂಡು ಬಂದು ನಂಗೆ ಹೇಳಬೇಕು. ಆಮೇಲೆ ನಾನು ಹೋಗ್ತೀನಿ."

"ಜೊತೆಗೇ ಹೋದ್ರೆ ಆಗಲ್ವಾ?"

"ನಿಮ್ಮ ಬಾಯಿಂದ ಕೇಳದೆ ನೋಡಿ ನಂಗೆ ಅಭ್ಯಾಸ ಇಲ್ಲ."

ಇದು ಹಾಸ್ಯವೋ ಶಿಕ್ಷೆಯೋ ಎಂದು ಭಾವ ಪ್ರವಾಸದ ದಿನದವರೆಗೂ ಯೋಚಿಸಿದ. ಕ್ಯಾಂಟೀನಿನಲ್ಲಿ ಈ ಮಾತಿಗೆ ಬಂದಾಗ ಹೇಳುವವರು ಸಾಮಾನ್ಯವಾಗಿ ಸ್ವಲ್ಪ ತಡೆದು, ಕೇಳುವವರ ಅಭಿಪ್ರಾಯ ಕೇಳುವುದುಂಟು. ಮದುವೆಯಾದವರು ಶಿಕ್ಷೆಯೆನ್ನುತ್ತಾರೆ, ಮದುವೆಯಾಗಿ ಬಹಳ ಕಾಲವಾದವರು ಇನ್ನೊಂದು ಚಹಾ ತರಿಸುತ್ತಾರೆ.

ಹೊರಟ ಬೆಳಿಗ್ಗೆ ಬಸ್ಸು ತುಂಬಿರಲಿಲ್ಲ. ಹೊಸ ಡ್ರೈವರು ಹುಡುಗಪ್ರಾಯದವನು. ಭಾವನನ್ನು ಕಂಡು ಎದ್ದು ನಮಸ್ಕರಿಸಿ, ದಾರಿಯುದ್ದಕ್ಕೂ ಬೆವರಿಳಿಸಿಕೊಂಡು ಓಡಿಸಿದ. ಗುಡ್ಡದ ತಿರುವುಗಳಲ್ಲಿ ಭಾವನ ಬಲಗಾಲು ಮುಂದಿನ ಸೀಟಿನ ಕೆಳಗೆ ತನ್ನಷ್ಟಕ್ಕೆ ತಾನೇ ಒತ್ತುತ್ತಿತ್ತು. ದೇವಿಯ ಗುಡಿಯ ಮುಂದೆ ಬಸ್ಸು ಎಂದಿನಂತೆ ತಿರುಗಿ ಬೆನ್ನು ಹಾಕಿ ನಿಂತಿತು. ಜನ ಇಳಿದರು. ಹೆಂಡತಿಯೂ ಇಳಿದಳು. ಭಾವ ಕುಳಿತೇ ಇದ್ದ.

"ರೀ," ಎಂದಳು ಅವಳು ಕೆಳಗಿನಿಂದ, ಕಿಟಕಿಯ ಸರಳು ಹಿಡಿದು. "ಬಸ್ಸನ್ನ ಅವರು ನೋಡ್ಕೋತಾರೆ."

ಅವನು ಇಳಿದ. ನೆಲ ಅವನು ಅಂದುಕೊಂಡದ್ದಕ್ಕಿಂತ ತಗ್ಗಿನಲ್ಲಿತ್ತು. ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೊಳದ ಮೆಟ್ಟಿಲಲ್ಲಿ ಕುಳಿತು, ಹೋಗಿ ಬನ್ನಿ ಎಂಬಂತೆ ಗದ್ದ ಎತ್ತಿದಳು. ಭಾವ ಪರೀಕ್ಷೆಗೆ ಹೊರಟವನಂತೆ ಅಂಗಿಯ ಕೊರಳು ಸರಿಪಡಿಸಿಕೊಂಡು ಒಳಗೆ ಹೋದ.

ಹೋದವನು ಬೇಗ ಬರಲಿಲ್ಲ. ಅವನ ನಂತರ ಹೋದವರು ಬಂದರು, ಅವರ ನಂತರ ಹೋದವರೂ ಬಂದರು. ಕೊನೆಗೆ ಭಾವ ಬಂದಾಗ ಅವನ ಹಣೆ ಬೆವರಿತ್ತು, ಎರಡೂ ಅಂಗೈ ಕಪ್ಪಾಗಿತ್ತು. ಅವಳ ಪಕ್ಕದಲ್ಲಿ ಕುಳಿತ. ಅವಳು ಕಾದಳು.

ಏನಾದರೊಂದು ಹೇಳುವುದು ಅವನಿಗೆ ಕಷ್ಟವಾಗಿರಲಿಲ್ಲ. ಕಂಬಗಳು ಬಾಯಲ್ಲಿ ಸಿದ್ಧವಾಗಿದ್ದವು, ತಣ್ಣನೆಯ ನೆಲವೂ ಸಿದ್ಧವಾಗಿತ್ತು. ಅಷ್ಟು ವರ್ಷ ಹೇಳಿ ಹೇಳಿ ನುಣುಪಾದ ಮಾತುಗಳು.

"ನೋಡ್ಲಿಲ್ಲ," ಎಂದ.

"ಅಂದ್ರೆ?"

"ಪೂಜಾರಿ ಸ್ಟೂಲ್ ಹತ್ತಿ ಗಂಟೆ ಹಗ್ಗ ಕಟ್ತಿದ್ದ. ಮಸಿ ಹಿಡಿದ ಸ್ಟೂಲು, ಒಂದು ಕಾಲು ಗಿಡ್ಡ. ಸ್ವಲ್ಪ ಹಿಡ್ಕೊಳ್ಳಿ ಅಂದ. ಹಿಡ್ಕೊಂಡೆ. ಅವನು ಬೀಳಬಾರದಲ್ಲ, ಅವನ ಪಾದ ನೋಡ್ತಾ ನಿಂತಿದ್ದೆ. ದೇವಿ ನನ್ನ ಬೆನ್ನ ಹಿಂದೆ ಇದ್ದಳು."

ಅವಳು ಗಂಡನ ಮುಖವನ್ನು ದಿಟ್ಟಿಸಿದಳು. ಆ ಮುಖವನ್ನು ಬೆಳಕಿಗೆ ಹಿಡಿಯುವ ಅಗತ್ಯವಿರಲಿಲ್ಲ.

"ಇಷ್ಟು ಹೊತ್ತು?"

"ಹಗ್ಗ ಇನ್ನೂ ಕಟ್ಟಿ ಆಗಿಲ್ಲ. ಉದ್ದ ಸಾಲ್ಲಿಲ್ಲ, ಬೇರೆ ತರೋಕೆ ಹೋಗಿದ್ದಾನೆ. ಬಂದ ಮೇಲೆ ಮತ್ತೆ ಹಿಡೀಬೇಕಂತೆ."

ಈ ಸಲ ಅವಳು ನಗಲಿಲ್ಲ. ನಗು ತುಟಿಯ ತುದಿಯವರೆಗೆ ಬಂದು ಅಲ್ಲೇ ನಿಂತಿತು. ಇಷ್ಟು ವರ್ಷ ಹೇಳಿದ್ದರಲ್ಲೆಲ್ಲ ಇದೇ ಚೆನ್ನಾಗಿದೆ, ಇದನ್ನು ಬಟ್ಟೆ ಕೋಣೆಯಲ್ಲಿ ಹೇಳಿಯೇ ಹೇಳುತ್ತೇನೆ ಎಂದು ಎದ್ದು, ಸೀರೆಯ ನೆರಿಗೆ ಕೊಡವಿ, ಅವನ ಮುಂದೆ ತಾನು ನಡೆದಳು. ಷರತ್ತಿನ ನೆನಪು ಇಬ್ಬರಿಗೂ ಇತ್ತು; ಇಬ್ಬರೂ ಆ ಮಾತೆತ್ತಲಿಲ್ಲ.

ಒಳಗೆ ಪೂಜಾರಿ ಹೊಸ ಹಗ್ಗ ಹೆಗಲ ಮೇಲೆ ಹಾಕಿಕೊಂಡು ಕಾಯುತ್ತಿದ್ದ. ಭಾವ ಕೈ ಚಾಚುವ ಮೊದಲೇ ಅವಳು ಚೀಲವನ್ನು ನೆಲಕ್ಕಿಟ್ಟು, ಸ್ಟೂಲಿನ ಗಿಡ್ಡ ಕಾಲನ್ನು ತನ್ನ ಪಾದದಿಂದ ಒತ್ತಿ, ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಳು. ಅವಳ ಬೆನ್ನು ಈಗ ದೇವಿಯ ಕಡೆಗಿತ್ತು.

"ಇದನ್ನ ನಾನು ನೋಡ್ಕೋತೀನಿ," ಎಂದಳು. "ನೀವು ತಿರುಗಿ."

ಭಾವ ತಿರುಗಿದ.

ಮೇಲೆ ಹಗ್ಗ ಸರಪಳಿಗೆ ಉಜ್ಜುವ ಸದ್ದು. ಯಾರೋ ಬಂದರು, ಕೈ ಮುಗಿದರು, ಹೋದರು. ಅವಳು ಪೂಜಾರಿಯ ಪಾದಗಳ ಮೇಲಿಂದ ಕಣ್ಣು ತೆಗೆಯದೆ ಸ್ವಲ್ಪ ಹೊತ್ತು ಕಾದಳು. ಮತ್ತೂ ಸ್ವಲ್ಪ ಹೊತ್ತು ಕಾದಳು. ಹಿಂದಿನಿಂದ ಒಂದು ಮಾತೂ ಬರಲಿಲ್ಲ.

"ಏನ್ರೀ," ಎಂದಳು, "ಹೇಳಿ."

"ಇರು," ಎಂದ ಭಾವ. "ಇನ್ನೂ ನೋಡ್ತಾ ಇದೀನಿ."